ಹದಿನೆಂಟು ತಲೆಗಳ ಹಿಂಬದಿ

ಜನವರಿ 9

ಮಂಚದ ಕಾಲುಗಳ ಮಹಾಶಿಲ್ಪಿಗಳೂ, ಫೋನಿನಲ್ಲಿ ‘ಹೂಂ’ ಎಂಬ ಒಂದಕ್ಷರದ ಮಂತ್ರವನ್ನು ಬಿಟ್ಟು ಬೇರೇನನ್ನೂ ಉಚ್ಚರಿಸದ ಮೌನವ್ರತಿಗಳೂ ಆದ ನನ್ನ ಅಪ್ಪನ ಸನ್ನಿಧಾನಕ್ಕೆ,

ಮಗಳ ದೂರು. ಸಿಟ್ಟು ಇಳಿದರೆ ಕೊನೆಯಲ್ಲಿ ನಮಸ್ಕಾರವೂ ಇರುತ್ತದೆ.

ನಾನು ಕೆಲಸ ಮಾಡುವ ನಾಟಕದ ಸಾಮಾನಿನ ಕಾರ್ಯಾಗಾರದಲ್ಲಿ ಜೂನ್ ಹೊತ್ತಿಗೆ ಒಂದು ಗೊಂಬೆಯಾಟ ಎದ್ದು ನಿಲ್ಲಬೇಕು. ಗೊಂಬೆಗಳ ಮೈ ಆಗಿದೆ, ಕೈಕಾಲು ಆಗಿದೆ, ಕಣ್ಣು ಮಾತ್ರ ಆಗಿಲ್ಲ. ನಿನ್ನ ಗೊಂಬೆ ತಲೆ ಬಗ್ಗಿಸಿದರೆ ರೆಪ್ಪೆ ಮುಚ್ಚುತ್ತಿತ್ತು. ತಲೆ ಎತ್ತಿದ ಮೇಲೆ ಒಂದು ಕ್ಷಣ ತಡೆದು, ಆಮೇಲೆ ತೆರೆಯುತ್ತಿತ್ತು. ಆ ಒಂದು ಕ್ಷಣದಲ್ಲಿ ಮರ ಯೋಚನೆ ಮಾಡುತ್ತಿದೆ ಎಂದು ನಾನು ನಂಬಿದ್ದೆ. ನಮ್ಮ ರಾಣಿಯ ರೆಪ್ಪೆ ಟಪ್ಪನೆ ಬೀಳುತ್ತದೆ, ಟಪ್ಪನೆ ಏಳುತ್ತದೆ. ಆಕೆ ಗಂಡ ಸತ್ತ ಸುದ್ದಿ ಕೇಳಿ ತಲೆಯೆತ್ತಿದರೆ ಯಾರೋ ಸೋಡಾ ಬಾಟಲಿ ಒಡೆದಂತಿರುತ್ತದೆ. ಕಾರ್ಯಾಗಾರದ ಯಜಮಾನಿ ನೋಡಿ, ರಾಣಿಗೆ ಕಣ್ಣಲ್ಲಿ ಧೂಳು ಬಿದ್ದಿದೆಯಾ ಎಂದು ಕೇಳಿದರು. ಅದನ್ನು ಹೇಗೆ ಮಾಡುತ್ತಿದ್ದೆ ಎಂದು ನಿನ್ನನ್ನು ಕೇಳಿದಾಗಲೆಲ್ಲ ‘ಮರೆತುಹೋಯ್ತು’ ಎಂದಿದ್ದೀಯ. ಇರಲಿ.

ಈಗ ಕೇಳು. ನಿನ್ನ ಊರಿನ ವಸ್ತುಸಂಗ್ರಹಾಲಯದವರು ತಮ್ಮಲ್ಲಿರುವ ಮೂರು ಸಾವಿರಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನು ಜಾಲತಾಣದಲ್ಲಿ ತೆರೆದಿಟ್ಟಿದ್ದಾರೆ. ಚಿತ್ರ, ಅಳತೆ, ತೂಕ, ಯಾವ ಮರ, ಯಾವ ಲೋಹ, ಎಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಿ, ಬಳಸಿ, ಬದಲಿಸಿ, ನಮ್ಮನ್ನು ಕೇಳಬೇಕಾಗಿಲ್ಲ ಎಂದು ಬರೆದಿದ್ದಾರೆ. ನಮ್ಮ ಪಕ್ಕದ ಓಣಿಯ ಕುಂಬಾರಿಕೆಯವರು ಅಲ್ಲಿನ ಹಳೇ ಹೂಜಿಯೊಂದರ ಅಳತೆ ತೆಗೆದುಕೊಂಡು ಹೊಸದು ಮಾಡಿದ್ದಾರೆ. ನೀರು ಬಗ್ಗಿಸಿ ಮತ್ತೆ ನೆಟ್ಟಗೆ ನಿಲ್ಲಿಸಿದರೆ ಒಂದು ತೊಟ್ಟೂ ಆಚೆ ಸೋರುವುದಿಲ್ಲ. ನಾನು ಆ ಜಾಲತಾಣ ನೋಡಿ ಕಣ್ಣೀರಿಟ್ಟೆ. ಸರ್ಕಾರಿ ಜಾಲತಾಣ ನೋಡಿ ಹಿಂದೆಯೂ ಕಣ್ಣೀರು ಬಂದದ್ದುಂಟು, ಕಾರಣ ಬೇರೆ.

ಆಮೇಲೆ ನೀನು ಅವರಿಗೆ ಕೊಟ್ಟ ನಿನ್ನ ಹದಿನೆಂಟು ಗೊಂಬೆಗಳನ್ನು ಹುಡುಕಿದೆ. ಹದಿನೆಂಟು ಬೂದು ಬಣ್ಣದ ಚೌಕಗಳು. ‘ನಿರ್ಬಂಧಿತ’ ಎಂಬ ಒಂದು ಶಬ್ದ. ಯಾವನೋ ಸಾಮಂತ ಕಿವಿ ಕೆರೆದುಕೊಂಡ ಬೆಳ್ಳಿ ಕಡ್ಡಿಯನ್ನು ಜಗತ್ತು ನಾಲ್ಕು ದಿಕ್ಕಿನಿಂದ ನೋಡಬಹುದು, ನನ್ನ ಅಪ್ಪನ ಕೆಲಸವನ್ನು ನಾನು ನೋಡುವ ಹಾಗಿಲ್ಲ. ಈ ಅಧಿಕಾರಿಗಳ ಹೊಟ್ಟೆಕಿಚ್ಚಿಗೆ ಏನು ಹೇಳುವುದು? ನಾನು ಯುದ್ಧ ಸಾರಿದ್ದೇನೆ. ನೀನೂ ಖಾರವಾಗಿ ಒಂದು ಕಾಗದ ಬರೆ.

ಸಿಟ್ಟು ಇಳಿದಿಲ್ಲ, ಆದ್ದರಿಂದ ನಮಸ್ಕಾರ ಇಲ್ಲ.

ನಿನ್ನ ತರಲೆ


ಜನವರಿ 21

ತರಲೆಗೆ,

ಕಾಗದ ಬಂತು. ನಾನು ಯಾರಿಗೂ ಬರೆಯುವುದಿಲ್ಲ. ಆ ಆಟ ಸತ್ತು ಹತ್ತೊಂಬತ್ತು ವರ್ಷವಾಯಿತು. ಜನ ಬರುವುದು ನಿಂತಿತ್ತು, ನಾನೂ ನಿಲ್ಲಿಸಿದೆ. ಸತ್ತದ್ದನ್ನು ಗಾಜಿನ ಪೆಟ್ಟಿಗೆಗೆ ಕೊಟ್ಟೆ. ಅದರ ಹೊಟ್ಟೆ ಬಗೆಯುವುದು ಬೇಡ.

ನಿಮ್ಮ ಗೊಂಬೆಗೆ ಬಣ್ಣದಲ್ಲೇ ಕಣ್ಣು ಬರೆಯಿರಿ. ದೂರದಿಂದ ಯಾರಿಗೂ ತಿಳಿಯುವುದಿಲ್ಲ. ಮೊಣಕಾಲು ನೋವು ಈಗ ಪರವಾಗಿಲ್ಲ. ವಸ್ತುಸಂಗ್ರಹಾಲಯದವರ ತಂಟೆಗೆ ಹೋಗಬೇಡ.

ಅಪ್ಪ


ಫೆಬ್ರುವರಿ 2

ವಸ್ತುಸಂಗ್ರಹಾಲಯದ ಮಾನ್ಯ ದಾಖಲೆ ಅಧಿಕಾರಿಗಳಿಗೆ,

ವಿಷಯ: ಹದಿನೆಂಟು ಮಂದಿ ಮರದ ನಿವಾಸಿಗಳ ಅಕ್ರಮ ಬಂಧನ.

ನಾವು, ಕೆಳಗೆ ಹೆಬ್ಬೆಟ್ಟು ಒತ್ತಿರುವ ಒಬ್ಬ ರಾಜ, ಇಬ್ಬರು ರಾಣಿಯರು, ಒಬ್ಬ ಮಂತ್ರಿ, ಮೂವರು ಕಳ್ಳರು (ಮಂತ್ರಿಯನ್ನು ಸೇರಿಸಿದರೆ ನಾಲ್ವರು), ಒಂದು ಕುದುರೆ ಮತ್ತು ಇತರ ಹತ್ತು ಮಂದಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮನ್ನು ಹತ್ತೊಂಬತ್ತು ವರ್ಷಗಳಿಂದ ತಮ್ಮ ಕಟ್ಟಡದಲ್ಲಿ ಇಡಲಾಗಿದೆ. ನಮ್ಮ ನೆರೆಹೊರೆಯ ಮಡಕೆ, ಕತ್ತಿ, ಅಡಕೆಕತ್ತರಿಗಳಿಗೆಲ್ಲ ಮುಖ ತೋರಿಸುವ ಹಕ್ಕು ಸಿಕ್ಕಿದೆ. ನಮಗಿಲ್ಲ. ನಾವು ಮಾಡಿದ ಅಪರಾಧವನ್ನು ತಿಳಿಸಬೇಕು. ಕುದುರೆ ಏನೂ ಮಾಡಿಲ್ಲ ಎಂದು ನಾವೆಲ್ಲ ಪ್ರಮಾಣ ಮಾಡಲು ಸಿದ್ಧ.

ನಮ್ಮ ತಲೆಯೊಳಗಿನ ಚಿತ್ರ ಮತ್ತು ಅಳತೆಗಳನ್ನು ಸಾರ್ವಜನಿಕರಿಗೆ, ವಿಶೇಷವಾಗಿ ನಮ್ಮನ್ನು ಮಾಡಿದವರ ಮಗಳಿಗೆ, ತಕ್ಷಣ ತೆರೆದಿಡಬೇಕು. ಇಲ್ಲದಿದ್ದರೆ ಅದೇ ಮಗಳು ಸ್ವತಃ ಬಂದು ತಮ್ಮ ಮುಂಬಾಗಿಲಲ್ಲಿ ಆಟ ಆಡುತ್ತಾಳೆ. ಅವಳ ಆಟ ಕೆಟ್ಟದಾಗಿರುತ್ತದೆ.

ಪರವಾಗಿ,
ಮಗಳು


ಫೆಬ್ರುವರಿ 17

ಮಾನ್ಯರೇ,

ತಮ್ಮ ಅರ್ಜಿ ತಲುಪಿದೆ. ಲಗತ್ತಿಸಿದ ಮರದ ಹೆಬ್ಬೆಟ್ಟಿನ ಗುರುತುಗಳನ್ನು ನಮ್ಮ ದಾಖಲೆಯೊಂದಿಗೆ ತಾಳೆ ನೋಡಲಾಯಿತು. ಹೊಂದಲಿಲ್ಲ. ಕುದುರೆಗೆ ಹೆಬ್ಬೆಟ್ಟು ಇರುವುದಿಲ್ಲ ಎಂಬುದನ್ನೂ ಗಮನಕ್ಕೆ ತರಲಾಗಿದೆ.

ತಾವು ಊಹಿಸಿದಂತೆ ಇದು ನಮ್ಮ ನಿರ್ಬಂಧವಲ್ಲ. ಸಂಗ್ರಹವನ್ನೆಲ್ಲ ತೆರೆದಿಡಬೇಕೆಂದು ಆರು ವರ್ಷ ಮೇಲಧಿಕಾರಿಗಳೊಂದಿಗೆ ಜಗಳವಾಡಿದವಳು ನಾನೇ. ಆ ಹದಿನೆಂಟು ಬೂದು ಚೌಕಗಳು ನನ್ನ ಕಣ್ಣಿಗೂ ಚುಚ್ಚುತ್ತವೆ. ಗೊಂಬೆಗಳನ್ನು ಕೊಟ್ಟವರು ಕೊಡುವಾಗಲೇ ಷರತ್ತು ಬರೆದಿದ್ದಾರೆ. ಪ್ರತಿ ಲಗತ್ತಿಸಿದೆ: ‘ಗೊಂಬೆಗಳ ಚಿತ್ರವನ್ನಾಗಲಿ, ತಲೆಯ ಹಿಂದಿನ ಮುಚ್ಚಳ ತೆರೆದ ಚಿತ್ರವನ್ನಾಗಲಿ, ಒಳಗಿನ ಅಳತೆಯನ್ನಾಗಲಿ ಯಾರಿಗೂ, ನನ್ನ ಮನೆಯವರಿಗೂ, ಕೊಡತಕ್ಕದ್ದಲ್ಲ.’

ಕೆಳಗಿರುವ ಸಹಿ ತಮಗೆ ಪರಿಚಯವಿರಬಹುದು.

ತಮ್ಮ ವಿಶ್ವಾಸಿ,
ದಾಖಲೆ ಅಧಿಕಾರಿ


ಫೆಬ್ರುವರಿ 20

ಅಪ್ಪ,

ಬಿರುದುಗಳೆಲ್ಲ ತೀರಿಹೋದವು.

ಒಂದು ತಿಂಗಳು ಯಾರನ್ನೋ ಬೈದೆ. ಆಕೆ ಪಾಪ, ಕುದುರೆಯ ಹೆಬ್ಬೆಟ್ಟನ್ನೂ ಪರೀಕ್ಷೆ ಮಾಡಿ ಉತ್ತರ ಬರೆದಿದ್ದಾರೆ. ಬೀಗ ಹಾಕಿದವನು ನೀನು. ‘ನನ್ನ ಮನೆಯವರಿಗೂ’ ಎಂದು ಬರೆಯುವಾಗ ನನಗೆ ಐದು ವರ್ಷ. ಐದು ವರ್ಷದವಳ ಕೈಯಿಂದ ಏನನ್ನು ಕಾಪಾಡಿದೆ? ಅಮ್ಮ ಬದುಕಿದ್ದಳು. ಅವಳನ್ನೂ ಸೇರಿಸಿಯೇ ಬರೆದೆಯಾ?

ಮರೆತುಹೋಯ್ತು ಎಂದೆಯಲ್ಲ, ಮರೆತದ್ದನ್ನು ಯಾರಾದರೂ ಬಚ್ಚಿಡುತ್ತಾರಾ?

ಷರತ್ತು ಹಿಂತೆಗೆದುಕೊಳ್ಳಲು ಒಂದು ಅರ್ಜಿ ನಮೂನೆ ಇದೆಯಂತೆ. ಎರಡು ಪುಟ. ಹೋಗಿ ಸಹಿ ಮಾಡು.

ಮಗಳು


ಮಾರ್ಚ್ 3

ತರಲೆಗೆ,

ನಾಲಿಗೆ ಉದ್ದವಾಗಿದೆ. ನನ್ನ ಗೊಂಬೆ, ನನ್ನ ಷರತ್ತು.

ನಿನಗೇನು ಗೊತ್ತು? ನಾವು ಆಟ ಆಡುವಾಗ ಒಬ್ಬ ಬಂದು ರಾಜನ ಮುಖದ ಫೋಟೋ ಹೊಡೆದುಕೊಂಡು ಹೋದ. ಆರು ತಿಂಗಳಲ್ಲಿ ಅಂಗಡಿ ಅಂಗಡಿಯಲ್ಲಿ ಪ್ಲಾಸ್ಟಿಕ್ ರಾಜ. ಒಬ್ಬರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಒಳಗನ್ನೂ ತೆರೆದಿಟ್ಟರೆ ಏನು ಉಳಿಯುತ್ತದೆ? ಎಲ್ಲ ಬಯಲಿಗಿಡಿ ಎನ್ನುವವರು ತಮ್ಮದೆಂದು ಏನನ್ನೂ ಮಾಡಿದವರಲ್ಲ. ಮನೆಯ ವಿದ್ಯೆ ಮನೆಯಲ್ಲಿರಲಿ.

ಇನ್ನು ಈ ವಿಷಯ ಬರೆಯಬೇಡ.

ಅಪ್ಪ


ಮಾರ್ಚ್ 19

ನಿಮಗೆ,

ಮನೆಯ ವಿದ್ಯೆ ಮನೆಯಲ್ಲಿರಲಿ ಎಂದಿರಿ. ಯಾವ ಮನೆ ಎಂದು ಹುಡುಕುತ್ತಾ ಹೋದೆ.

ಹಟಕ್ಕೆ ಬಿದ್ದು ವಸ್ತುಸಂಗ್ರಹಾಲಯದ ಇಡೀ ಪಟ್ಟಿಯನ್ನೇ ಇಳಿಸಿಕೊಂಡೆ. ಮೂರು ಸಾವಿರ ಸಾಲು, ನಲವತ್ತು ಅಂಕಣ. ನಿಮ್ಮ ಗೊಂಬೆಗಳ ಸಾಲು 2211ರಿಂದ 2228. ಚಿತ್ರಕ್ಕೆ ಬೀಗ, ಅಳತೆಗೆ ಬೀಗ. ಆದರೆ ಮೂವತ್ತೇಳನೆಯ ಅಂಕಣದಲ್ಲಿ, ವಸ್ತು ಹಾಳಾಗಿದೆಯೇ ಎಂದು ನೋಡುವವರು ಬರೆದಿಡುವ ವರದಿ ಇದೆ. ಅದಕ್ಕೂ ಬೀಗ ಹಾಕಬೇಕೆಂದು ಅವರಿಗೆ ಹೊಳೆದಿಲ್ಲ. ನಿಮಗಂತೂ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಓದಿ:

‘ತಲೆಯ ಹಿಂದಿನ ಮುಚ್ಚಳ ತೆಗೆದು ಹುಳುವಿಗಾಗಿ ಪರೀಕ್ಷಿಸಲಾಯಿತು. ಹುಳುವಿಲ್ಲ. ರೆಪ್ಪೆಯ ತಂತಿಗೆ ಕಚ್ಚಿಸಿರುವ ಸೀಸದ ಗುಂಡಿನ ಮೇಲೆ ಹಲ್ಲಿನ ಗುರುತು. ಇಲಿ ಎಂದು ಶಂಕಿಸಲಾಗಿತ್ತು. ಇಲಿಯಲ್ಲ, ಮನುಷ್ಯರದು. ಗುಂಡನ್ನು ತಂತಿಗೆ ಕೂರಿಸುವಾಗ ಹಲ್ಲಿನಿಂದ ಒತ್ತಿರಬೇಕು. ಮೇಲಿನ ಒಂದು ಮುಂಹಲ್ಲು ಅರ್ಧ ಮುರಿದಿದೆ. ಹದಿನೆಂಟರಲ್ಲೂ ಇದೇ ಗುರುತು.’

ನಿಮ್ಮ ಮೂವತ್ತೆರಡು ಹಲ್ಲೂ ಪೆರೇಡಿಗೆ ನಿಂತಂತಿವೆ. ದಂತವೈದ್ಯರ ಎದುರೇ ಬಾಯಿ ತೆರೆದು ಒಂದು ತಪ್ಪು ಹುಡುಕಿ ನೋಡೋಣ ಎಂದವರು ನೀವು. ಅರ್ಧ ಮುರಿದ ಮುಂಹಲ್ಲನ್ನು ನಾನು ನೋಡಿರುವುದು ಒಬ್ಬರ ಬಾಯಲ್ಲಿ ಮಾತ್ರ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಗುತ್ತಿದ್ದ, ಆಮೇಲೆ ಒಂದು ದಿನ ಮನೆಯಲ್ಲಿ ಯಾರೂ ಹೆಸರೆತ್ತದ ನಿಮ್ಮ ತಂಗಿ. ನನ್ನ ಅತ್ತೆ.

ಭಾನುವಾರ ನಿಮ್ಮ ಊರಿಗೆ ಬಂದಿದ್ದೆ. ಮನೆಗೆ ಬರಲಿಲ್ಲ. ಊರವರನ್ನು ಕೇಳಿದೆ, ಮೊದಲನೆಯವರೇ ಹೇಳಿದರು: ಅತ್ತೆ ನಿಮ್ಮಿಂದ ನಾಲ್ಕು ಬೀದಿ ಆಚೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಸ್ ನಿಲ್ದಾಣಕ್ಕೆ ಹೋಗಲು ನೀವು ಯಾವಾಗಲೂ ಮಾರುಕಟ್ಟೆಯನ್ನು ಸುತ್ತಿ ಹೋಗುವುದೇಕೆ ಎಂದು ಈಗ ಗೊತ್ತಾಯಿತು. ನಾನು ಚಿಕ್ಕವಳಿದ್ದಾಗ, ನೆರಳಿರುತ್ತದೆ ಎಂದಿದ್ದಿರಿ.

ಅವಳು ಒಂದು ಚೌಕಟ್ಟಿಗೆ ಸಾಸಿವೆ ಗಾತ್ರದ ತಿರುಪು ಕೂರಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿ, “ನಿಮ್ಮಪ್ಪನ ಮೂಗು ಇಟ್ಕೊಂಡು ಬಂದಿದ್ದೀಯ. ಆ ಮೂಗಿಗೆ ಯಾವ ಕನ್ನಡಕಾನೂ ಕೂರಲ್ಲ, ಹೋಗು” ಎಂದಳು. ನಾನು ಹೋಗಲಿಲ್ಲ. ವರದಿಯನ್ನು ಮುಂದಿಟ್ಟೆ. ಓದಿದಳು. ಇಲಿ ಎನ್ನುವಲ್ಲಿ ನಕ್ಕಳು. ಆ ಹಲ್ಲು ಈಗ ಇಲ್ಲ, ಕಟ್ಟಿಸಿದ ಹಲ್ಲು ಬಿಳಿಯಾಗಿ ಹೊಳೆಯುತ್ತದೆ.

“ಹತ್ತೊಂಬತ್ತು ವರ್ಷ ಆದ್ಮೇಲೆ ಸರ್ಕಾರದ ಕಾಗದದಲ್ಲಿ ನಂಗೊಂದು ಹೆಸರು ಬಂತು ನೋಡು. ಇಲಿ.”

ಆಮೇಲೆ ಅವಳು ಹೇಳಿದ್ದನ್ನು ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ, ಆದರೂ ಇನ್ನೊಬ್ಬರ ಕೈಬರಹದಲ್ಲಿ ಒಮ್ಮೆ ಓದಬೇಕು. ಮುಖ, ಮೈ ಕೆತ್ತುತ್ತಿದ್ದದ್ದು ನೀವು. ಕಣ್ಣು ಅವಳದು, ಹದಿನೆಂಟೂ. ಅವಳಿಗೆ ವಿಷಮಜ್ವರ ಬಂದು ಆರು ವಾರ ಆಸ್ಪತ್ರೆಯಲ್ಲಿದ್ದಾಗ ನೀವು ಗೊಂಬೆಗಳನ್ನು ಕೊಟ್ಟುಬಂದಿರಿ. ಅವಳು ಮನೆಗೆ ಬಂದಾಗ ಪೆಟ್ಟಿಗೆ ಖಾಲಿ.

“ಕೊಟ್ಟಿದ್ದಕ್ಕೆ ನಾನು ಏನೂ ಅನ್ಲಿಲ್ಲ. ಯಾರ ಹೆಸರು ಬರೆಸ್ದೆ ಅಂತ ಒಂದೇ ಮಾತು ಕೇಳ್ದೆ. ಅವನು ಟೀ ಕುಡೀತಾ ಕೂತಿದ್ದ. ಲೋಟ ಕೆಳಗಿಡಲಿಲ್ಲ. ಆಟ ಯಾರದು ಅಂತ ಊರಿಗೇ ಗೊತ್ತು ಅಂದ.”

ನನಗೆ ಹೇಳಿಕೊಡು ಎಂದು ಕೇಳಿದೆ. ಹೇಳಿಕೊಡಲು ಅವಳಿಗೂ ಆಗುವುದಿಲ್ಲ. ಗುಂಡನ್ನು ತಂತಿಯ ಮೇಲೆ ಎಲ್ಲಿ ಕೂರಿಸಬೇಕು, ಎಷ್ಟು ಒತ್ತಬೇಕು ಎಂಬುದಕ್ಕೆ ಅಳತೆಯೇ ಇರಲಿಲ್ಲವಂತೆ. “ಹಲ್ಲಿಗೆ ಗೊತ್ತಾಗ್ತಿತ್ತು. ಹಲ್ಲು ಹೋಯ್ತು. ಈಗ ಗೊತ್ತಿರೋದು ಆ ತಲೆಗಳಿಗೆ ಮಾತ್ರ.”

ಆ ತಲೆಗಳಿಗೆ ನೀವು ಬೀಗ ಹಾಕಿದ್ದೀರಿ. ಕಳ್ಳರಿಗೆ ಹೆದರಿ ಅಲ್ಲ. ನಿಮಗೆ ಕಣ್ಣು ಮಾಡಲು ಬರುವುದಿಲ್ಲ. ಅವಳು ಮನೆ ಬಿಟ್ಟು ಹೋದ ಮೇಲೆ ಒಂದೇ ಒಂದು ಗೊಂಬೆ ಮಾಡಲಾಗಲಿಲ್ಲ. ಜನ ಬರುವುದು ನಿಂತಿತು ಎಂದು ಊರಿಗೆಲ್ಲ ಹೇಳಿದಿರಿ. ನಾನೂ ನಂಬಿದೆ, ಶಾಲೆಯಲ್ಲಿ ಪ್ರಬಂಧ ಬರೆದು ಬಹುಮಾನ ತಂದೆ, ಕಲೆಯನ್ನು ಕೊಂದ ಸಮಾಜ ಎಂದು. ಸಮಾಜ ಕೊಂದಿರಲಿಲ್ಲ. ಕಲೆ ನಾಲ್ಕು ಬೀದಿ ಆಚೆ ಬೇರೆಯವರ ಮೂಗಿನ ಮೇಲೆ ಕನ್ನಡಕ ಸರಿಮಾಡುತ್ತಿತ್ತು.

ಪ್ಲಾಸ್ಟಿಕ್ ರಾಜನನ್ನು ಮಾಡಿದವನು ನಿಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದು ಬರೆದಿದ್ದಿರಿ. ಸರಿ. ನೀವು ಅವಳನ್ನು ಕೇಳಿದಿರಾ?

ಅವಳಿಗೆ ಅರವತ್ತೊಂದು. ನನ್ನೆದುರೇ ಆ ತಿರುಪನ್ನು ಎರಡು ಸಲ ಬೀಳಿಸಿ ಹೆಕ್ಕಿದಳು. ಅರ್ಜಿ ನಮೂನೆ ಇದರ ಜೊತೆಗಿದೆ.

ನಿಮ್ಮ ಮಗಳು


ಏಪ್ರಿಲ್ 30

ಮಾನ್ಯರೇ,

ತಮ್ಮ ತಂದೆಯವರು ಈ ತಿಂಗಳು ಮೂರು ಬಾರಿ ನಮ್ಮಲ್ಲಿಗೆ ಬಂದರು. ಮೊದಲ ಬಾರಿ ಟಿಕೆಟ್ ಕಿಟಕಿಯ ಹತ್ತಿರ ನಿಂತು ಹಿಂತಿರುಗಿದರೆಂದು ಕಾವಲುಗಾರ ಹೇಳಿದ. ಎರಡನೆಯ ಬಾರಿ ಅರ್ಜಿಯ ಇನ್ನೊಂದು ಪ್ರತಿ ಕೇಳಿದರು, ಮೊದಲನೆಯದನ್ನು ಹರಿದುಹಾಕಿದ್ದರಂತೆ.

ಮೂರನೆಯ ಬಾರಿ, ಒಂದು ತಲೆಯನ್ನು ತೆರೆದು ತೋರಿಸಬಹುದೇ ಎಂದರು. ಕೊಟ್ಟವರಿಗೆ ಆ ಹಕ್ಕಿದೆ. 2214ನ್ನು, ಚಿಕ್ಕ ರಾಣಿಯನ್ನು, ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಅವರು ಬಗ್ಗಿ ನೋಡಿದರು. ಗೊಂಬೆಯನ್ನು ಮುಟ್ಟಲಿಲ್ಲ. ಊಟದ ಗಂಟೆ ಹೊಡೆಯಿತು, ನಮ್ಮವರೆಲ್ಲ ಹೋಗಿ ಬಂದರು, ಅವರು ಅಲ್ಲೇ ಇದ್ದರು. ಆಮೇಲೆ ನನ್ನ ಪೆನ್ನು ಕೇಳಿದರು.

ಷರತ್ತು ಹಿಂತೆಗೆದುಕೊಳ್ಳಲು ನಮ್ಮ ನಮೂನೆಯಲ್ಲಿ ಮೂರು ಕಾರಣಗಳನ್ನು ಕೊಟ್ಟಿದ್ದೇವೆ. ಒಂದಕ್ಕೆ ಗುರುತು ಹಾಕಿದರೆ ಸಾಕು. ಅವರು ಯಾವುದಕ್ಕೂ ಹಾಕಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ‘ಸುಳ್ಳು ಹೇಳಿದ್ದೆ’ ಎಂದು ಬರೆದರು. ಮಾಡಿದವರು ಎಂಬಲ್ಲಿದ್ದ ತಮ್ಮ ಹೆಸರನ್ನು ಹೊಡೆದು ತಂಗಿಯ ಹೆಸರು ಬರೆದರು. ಹೊಡೆದ ರಭಸಕ್ಕೆ ಕಾಗದ ಹರಿಯಿತು. ಮುಖ ಕೆತ್ತಿದವರು ಯಾರು ಎಂದು ನಾನು ಕೇಳಬೇಕಾಯಿತು. ‘ನಾನು’ ಎಂದರು. ದಾಖಲೆ ಸರಿಯಿರಬೇಕಾದ್ದು ನನ್ನ ಕೆಲಸ. ಕೆತ್ತನೆ ಅಣ್ಣನದು, ಕಣ್ಣು ತಂಗಿಯದು ಎಂದು ಇಬ್ಬರ ಹೆಸರನ್ನೂ ದಾಖಲಿಸಿದ್ದೇನೆ.

ನಿಯಮದಂತೆ ಹರಿದ ಅರ್ಜಿಯನ್ನು ಸ್ವೀಕರಿಸುವಂತಿಲ್ಲ. ಸ್ವೀಕರಿಸಿದ್ದೇನೆ. ಹದಿನೆಂಟು ತಲೆಗಳ ಒಳಚಿತ್ರ, ಅಳತೆ ಮತ್ತು ಗುಂಡಿನ ತೂಕ ಇಂದು ಬೆಳಿಗ್ಗೆಯಿಂದ ಎಲ್ಲರಿಗೂ ತೆರೆದಿವೆ.

ಮೂವತ್ತೇಳನೆಯ ಅಂಕಣದಿಂದ ‘ಇಲಿ’ ಎಂಬುದನ್ನು ತೆಗೆಯಬೇಕೇ ಎಂದು ತಮ್ಮ ಅತ್ತೆಯವರನ್ನು ಅಂಗಡಿಗೇ ಹೋಗಿ ವಿಚಾರಿಸಿದೆ. ಇರಲಿ ಎಂದರು. ನನಗೆ ಹೊಸ ಕನ್ನಡಕ ಬೇಕೆಂದೂ ಹೇಳಿದರು.

ತಮ್ಮ ವಿಶ್ವಾಸಿ,
ದಾಖಲೆ ಅಧಿಕಾರಿ


ಜುಲೈ 14

ಅಪ್ಪ,

ಸಹಿ ಮಾಡಿದ್ದಕ್ಕೆ ಪ್ರಶಸ್ತಿ ನಿರೀಕ್ಷಿಸಬೇಡ. ಸಿಟ್ಟು ಇದೆ. ಅತ್ತೆಗೆ ನನಗಿಂತ ಹೆಚ್ಚಿದೆ. ನೀನು ಅವಳ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಎರಡು ಸಲ ನಿಂತಿದ್ದೆಯಂತೆ. ಕಂಡರೂ ಕಾಣದ ಹಾಗೆ ಅವಳು ಗಾಜು ಒರೆಸುತ್ತಿದ್ದಳಂತೆ. ನಾನು ಅವಳ ಮನಸ್ಸು ಬದಲಿಸಲು ಹೋಗುವುದಿಲ್ಲ. ಅದು ನನ್ನ ಕೆಲಸವಲ್ಲ.

ಆಟ ಜೂನ್‌ನಲ್ಲಿ ಆಯಿತು. ಇಬ್ಬರ ಕಣ್ಣು ಸರಿಹೋಯಿತು, ಮೂರನೆಯವನದು ಸರಿಹೋಗಲಿಲ್ಲ. ಅವನನ್ನು ಕುರುಡು ಸನ್ಯಾಸಿ ಮಾಡಿದೆವು. ಅತ್ತೆ ತನ್ನ ರಜದ ದಿನ ಬಸ್ ಹತ್ತಿ ಇಲ್ಲಿಗೆ ಬರುತ್ತಾಳೆ. ತೆರೆದಿಟ್ಟ ಚಿತ್ರಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುತ್ತಾಳೆ, ಇಕ್ಕಳದಲ್ಲಿ ಗುಂಡು ಒತ್ತಿಸುತ್ತಾಳೆ, ನಮ್ಮನ್ನು ಬೈಯುತ್ತಾಳೆ. ಯಜಮಾನಿಯನ್ನೂ ಬೈಯುತ್ತಾಳೆ. ಯಜಮಾನಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ.

ನೀನು ಹೆದರಿದ್ದ ಕಳ್ಳರೂ ಬಂದಿದ್ದಾರೆ. ಎಲ್ಲೆಲ್ಲಿಯವರೋ, ಹೆಸರು ಹೇಳಲೂ ಬಾರದ ಊರುಗಳವರು, ಅಳತೆ ಇಳಿಸಿಕೊಂಡು ಕಣ್ಣು ಮಾಡಿ ವಿಡಿಯೊ ಕಳಿಸುತ್ತಿದ್ದಾರೆ. ಒಬ್ಬ ಶಾಲಾ ಮಾಸ್ತರರು ಕಾಗದದ ಗೂಬೆಗೆ ಕೂರಿಸಿದ್ದಾರೆ. ಒಬ್ಬಾಕೆ ತಾನು ಹೊಲಿದ ಆನೆಗೆ. ಪ್ಲಾಸ್ಟಿಕ್ಕಿನವರೂ ಒಬ್ಬರಿದ್ದಾರೆ, ನಿನ್ನ ಮಾತು ಪೂರ್ತಿ ಸುಳ್ಳಾಗಲಿಲ್ಲ. ಆದರೆ ಪ್ರತಿಯೊಬ್ಬರೂ ಕೆಳಗೆ ಅತ್ತೆಯ ಹೆಸರು ಹಾಕಿದ್ದಾರೆ, ಪ್ಲಾಸ್ಟಿಕ್ಕಿನವರು ಕೂಡ. ಅವಳು ಒಂದೊಂದನ್ನೂ ನೋಡಿ ತೀರ್ಪು ಹೇಳುತ್ತಾಳೆ, ನಾನು ಟೈಪು ಮಾಡಿ ಕಳಿಸುತ್ತೇನೆ. ‘ಇದು ಕಣ್ಣಲ್ಲ, ಬಾಗಿಲ ಚಿಲಕ.’ ‘ನಿನ್ನ ಆನೆಗೆ ನಿದ್ದೆ ಬಂದಿದೆ, ಗುಂಡು ಚಿಕ್ಕದು ಮಾಡು.’ ಬೈಸಿಕೊಂಡವರು ಸರಿಮಾಡಿ ಮತ್ತೆ ಕಳಿಸುತ್ತಾರೆ.

ಮೊನ್ನೆ ಹೆಸರಿಲ್ಲದ ಒಂದು ಬಂತು. ಮರದ ತಲೆ, ಹೆಂಗಸಿನದು, ಹೊಸದಾಗಿ ಕೆತ್ತಿದ್ದು. ತಲೆ ಬಗ್ಗುತ್ತದೆ, ರೆಪ್ಪೆ ಮುಚ್ಚುತ್ತದೆ, ತಲೆ ಏಳುತ್ತದೆ, ರೆಪ್ಪೆ ಏಳುವುದೇ ಇಲ್ಲ. ಹಿಂದಿನ ಮುಚ್ಚಳ ತೆಗೆದ ಒಂದು ಫೋಟೋವನ್ನೂ ಕಳಿಸಿದ್ದರು. ಗುಂಡಿನ ಮೇಲೆ ಹಲ್ಲಿನ ಗುರುತು, ಸಾಲಾಗಿ, ಒಂದೂ ಮುರಿದಿಲ್ಲ.

ಅತ್ತೆ ಆ ಫೋಟೋವನ್ನು ದೊಡ್ಡದು ಮಾಡಿಸಿ ನೋಡಿದಳು. ಮುಂದಿನದಕ್ಕೆ ಹೋಗಲೇ ಎಂದು ಕೇಳಿದೆ. ಬೇಡ ಎಂದು ಕೈ ಅಡ್ಡ ಹಿಡಿದಳು.

“ಮುಖ ಚೆನ್ನಾಗಿದೆ. ಕಣ್ಣು ದಂಡ. ಬರಿ ಇವನಿಗೆ. ಗುಂಡು ತುಂಬಾ ಹಿಂದಾಯ್ತು, ಒಂದು ಕೂದಲೆಳೆಯಷ್ಟು ಮುಂದಕ್ಕೆ ಜರುಗಿಸು. ಇನ್ನೊಂದು ಸಲ ಬಾಯಲ್ಲಿ ಕಚ್ಚಬೇಡ, ಸೀಸ ವಿಷ. ಇಕ್ಕಳ ತಗೋ ಅಂತ ಬರಿ.”

ಬರೆದಿದ್ದೇನೆ.

ತರಲೆ